ಮೇಸ್ತ್ರಿಯ ದೋಣಿಯಲ್ಲಿ ಹಬ್ಬದೂಟ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದು ಗಾದೆ ಕಟ್ಟಿದವರು ಯಾರೋ, ಅವರಿಗೆ ನಮ್ಮ ಮೇಸ್ತ್ರಿಯ ಪರಿಚಯ ಇರಲಿಲ್ಲ. ಇದ್ದಿದ್ದರೆ ‘ಎರಡೂ ಮುಗಿದ ಮೇಲೆ ದೋಣಿ ಕೊಂಡು ನೋಡು’ ಎಂದು ಕೊನೆಗೊಂದು ತುಂಡು ಸೇರಿಸುತ್ತಿದ್ದರು.

ಅವನು ಗಾರೆ ಮೇಸ್ತ್ರಿ. ನಲವತ್ತು ವರ್ಷ ಊರವರಿಗೆಲ್ಲ ಗೋಡೆ ಎಬ್ಬಿಸಿದ, ತಾನು ಮಾತ್ರ ಬಾಡಿಗೆ ಮನೆಯಲ್ಲಿ ಕಾಲ ಹಾಕಿದ. ಅವನ ಕೈಯಲ್ಲಿ ಸದಾ ಒಂದು ಮಟ್ಟಗೋಲು ಇರುತ್ತಿತ್ತು. ಅದರ ನಡುವೆ ಗಾಜಿನ ಸಣ್ಣ ಕೊಳವೆ, ಕೊಳವೆಯೊಳಗೆ ಹಸಿರು ನೀರು, ನೀರಿನಲ್ಲೊಂದು ಗುಳ್ಳೆ. ಗುಳ್ಳೆ ನಟ್ಟ ನಡುವೆ ನಿಂತರೆ ಗೋಡೆ ಮಟ್ಟವಾಗಿದೆ ಎಂದರ್ಥ, ಸರಿದರೆ ಡೊಂಕು ಎಂದರ್ಥ. ಒಮ್ಮೆ ಶಾಲೆಯ ಕಾಂಪೌಂಡು ಗೋಡೆ ಎದೆಯೆತ್ತರ ಬಂದ ಮೇಲೆ ಗುಳ್ಳೆ ಕೂದಲೆಳೆಯಷ್ಟು ಸರಿಯಿತೆಂದು ಕೆಡವಿಸಿಬಿಟ್ಟಿದ್ದ. ಹೆಡ್‌ಮಾಸ್ಟರು ಕೈಮುಗಿದು, “ಇರಲಿ ಬಿಡಿ ಮೇಸ್ತ್ರಿ, ಹೆಂಗೂ ಹುಡುಗ್ರು ಹಾರಿಕೊಂಡು ಹೋಗೋ ಗೋಡೆ ತಾನೆ” ಎಂದರೂ ಕೇಳಲಿಲ್ಲ. ಗುಳ್ಳೆಯ ವಿಷಯದಲ್ಲಿ ಅವನು ಸುಳ್ಳು ಹೇಳಿದ್ದೇ ಇಲ್ಲ. ಬೇರೆ ವಿಷಯಗಳನ್ನು ನಾನೇಕೆ ಎತ್ತಲಿ.

ಇಂಥವನು ದೋಣಿಗೆ ಮರುಳಾದದ್ದು ಬಂದರಿನ ಮೆಟ್ಟಿಲು ರಿಪೇರಿಗೆ ಹೋದಾಗ. ಮಂಡಿನೋವಿನ ಮುದುಕನೊಬ್ಬ ತನ್ನ ಹಳೆಯ ಹಾಯಿದೋಣಿಯನ್ನು ಮಾರಬೇಕೆಂದಿದ್ದ. ಮೇಸ್ತ್ರಿ ಸುಮ್ಮನೆ ಒಳಗೆ ಇಣುಕಿದ. ಮಂಚ, ಮೇಜು, ಕಪಾಟು, ಒಲೆ ಎಲ್ಲವೂ ಗೋಡೆಗೇ ಜೋಡಿಸಿಕೊಂಡು ಕೂತಿವೆ. ಮರಳು ತರಿಸಬೇಕಿಲ್ಲ, ಇಟ್ಟಿಗೆ ನೆನೆಸಬೇಕಿಲ್ಲ, ತಳಪಾಯ ತೋಡಬೇಕಿಲ್ಲ. ಬೇರೆಯವರು ಕಟ್ಟಿ ಮುಗಿಸಿದ ಮನೆಯೊಂದು ತನಗಾಗಿ ಕಾದಿದೆ ಅನ್ನಿಸಿ ಅವನ ಕಣ್ಣು ಒದ್ದೆಯಾಯಿತು. ಆ ಮುದುಕನೇ ಕೆಲವು ತಿಂಗಳು ಜೊತೆಗಿದ್ದು ಹಾಯಿ ಏರಿಸುವುದು, ಚುಕ್ಕಾಣಿ ಹಿಡಿಯುವುದು ಎಲ್ಲ ಕಲಿಸಿಕೊಟ್ಟ.

ಹೆಂಡತಿ ವಿಷಯ ಕೇಳಿ ಸೊಂಟದ ಮೇಲೆ ಕೈಯಿಟ್ಟಳು. “ಎತ್ತು ಏರಿಗೆಳೆದ್ರೆ ಕೋಣ ನೀರಿಗೆಳೀತಂತೆ ಅಂತ ಕೇಳಿದ್ದೆ. ಕೋಣಾನೇ ಕಟ್ಕೊಂಡಿದ್ದೀನಿ ಅಂತ ಇವತ್ತು ಗೊತ್ತಾಯ್ತು” ಎಂದಳು. ಆದರೂ ಬಂದಳು. ಬರುವಾಗ ಒಂದು ಷರತ್ತು ಹಾಕಿಯೇ ಬಂದಳು.

“ಹಬ್ಬದ ತನಕ ಇರ್ತೀನಿ. ಅಲ್ಲಿ ಹಬ್ಬ ಹಬ್ಬದ ಥರ ಇದ್ರೆ ಸರಿ. ಇಲ್ಲಾಂದ್ರೆ ಮಾರನೇ ದಿನಾನೇ ನಾನು ತಂಗಿ ಮನೆಗೆ. ನೀವು ನಿಮ್ಮ ನೀರಲ್ಲಿ ಈಜ್ಕೊಂಡಿರಿ.”

ಅವಳ ಬಾಯಿ ದೊಡ್ಡದು, ಆದರೆ ಆಡಿದ ಮಾತು ತಪ್ಪಿದವಳಲ್ಲ. ಮೇಸ್ತ್ರಿಗೆ ಅದೇ ಭಯ.

ಅವರು ದೋಣಿಯನ್ನು ಊರಿಂದ ದೂರದ ಒಂದು ದೋಣಿಕಟ್ಟೆಗೆ ಕಟ್ಟಿಹಾಕಿದರು. ಅಲ್ಲಿಯ ಜನ ಅವಳನ್ನು ಮೇಸ್ತ್ರಮ್ಮ ಎಂದು ಕರೆಯತೊಡಗಿದರು, ಅವಳೂ ಎಲ್ಲರ ಜೊತೆ ಬೇಗ ಹೊಂದಿಕೊಂಡಳು. ಹೊಂದಿಕೊಳ್ಳದೆ ಒದ್ದಾಡಿದವನು ದೋಣಿ ಕೊಂಡವನೇ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ನಾವು ನಗುತ್ತೇವೆ, ದೋಣಿಯಲ್ಲಿ ನಗುವಂತಿಲ್ಲ, ಅಲ್ಲಿ ನೆಲ ನಿಜಕ್ಕೂ ಡೊಂಕು, ಅದೂ ಗಳಿಗೆಗೊಂದು ಕಡೆಗೆ. ಬೆಳಗ್ಗೆ ಎದ್ದೊಡನೆ ಮೇಸ್ತ್ರಿ ಮೇಜಿನ ಮೇಲೆ ಮಟ್ಟಗೋಲು ಇಡುತ್ತಿದ್ದ. ಗುಳ್ಳೆ ಹುಚ್ಚು ಹಿಡಿದಂತೆ ಅತ್ತಿಂದಿತ್ತ ಓಡುತ್ತಿತ್ತು. ಕುಡಿಯುವ ನೀರಿನ ಕ್ಯಾನುಗಳನ್ನು ಎಡದಿಂದ ಬಲಕ್ಕೆ, ಹೆಂಡತಿಯ ಸೀರೆಯ ಪೆಟ್ಟಿಗೆಯನ್ನು ಬಲದಿಂದ ಎಡಕ್ಕೆ ಸಾಗಿಸುತ್ತಿದ್ದ. ಎಲ್ಲ ಸರಿಹೋಯಿತು ಅನ್ನುವಷ್ಟರಲ್ಲಿ ಪಕ್ಕದಲ್ಲಿ ಮೀನಿನ ದೋಣಿ ಹಾದು ಹೋಗುತ್ತಿತ್ತು. “ಸಮುದ್ರಕ್ಕೇ ಗಾರೆ ಮಾಡಿಸಿಬಿಡಿ ಅತ್ಲಾಗೆ” ಎಂದು ಮೇಸ್ತ್ರಮ್ಮ ಮಲಗಿದಲ್ಲಿಂದಲೇ ಹೇಳುತ್ತಿದ್ದಳು.

ಹಬ್ಬ ಹತ್ತಿರ ಬಂತು. ಊರಿನಲ್ಲಿ ಹಬ್ಬವೆಂದರೆ ಮೇಸ್ತ್ರಿಯ ಅಕ್ಕನ ಮನೆಯಲ್ಲಿ. ತಾಯಿ ಇಲ್ಲದ ತಮ್ಮನನ್ನು ಸಾಕಿ ಬೆಳೆಸಿದ ಅಕ್ಕ ಅವಳು. ಅವಳು ಕೂರು ಅಂದರೆ ನಿಂತವರೂ ಕೂರುತ್ತಿದ್ದರು. ವರ್ಷಕ್ಕೊಮ್ಮೆ ನೆಂಟರಿಷ್ಟರೆಲ್ಲ ಅಲ್ಲಿ ಸೇರಿ, ವಯಸ್ಸಿನ ಪ್ರಕಾರ ಸಾಲಾಗಿ ಕೂತು ಉಣ್ಣುವುದು ಪದ್ಧತಿ. ಮೇಸ್ತ್ರಮ್ಮನ ಕೈಯ ಹಾಲಿನ ಸಿಹಿ ಇಲ್ಲದೆ ಆ ಊಟ ಮುಗಿಯುತ್ತಿರಲಿಲ್ಲ. ಮದುವೆಯಾದ ವರ್ಷವೇ ಅಕ್ಕ ಅವಳ ಕೈಗೆ ಎರಡು ಹಿಡಿಯ ಒಂದು ದೊಡ್ಡ ಪಾತ್ರೆ ಕೊಟ್ಟು, “ಇನ್ನು ಮೇಲೆ ಹಬ್ಬದ ಸಿಹಿ ನಿಂದು ಕಣಮ್ಮ” ಎಂದಿದ್ದಳು. ಆ ಪಾತ್ರೆಯೊಳಗೆ ಒಂದು ಮಗುವನ್ನು ಕೂರಿಸಿ ಸ್ನಾನ ಮಾಡಿಸಬಹುದಿತ್ತು. ದೋಣಿಗೆ ಬರುವಾಗ ಮೇಸ್ತ್ರಮ್ಮ ಅದನ್ನೂ ತಂದಿದ್ದಳು. ಇಡಲು ಜಾಗವಿಲ್ಲದೆ ಅದು ಹಾಸಿಗೆಯ ಕಾಲ ಕಡೆ ಮಲಗಿತ್ತು, ಮೇಸ್ತ್ರಿ ಮಂಡಿ ಮಡಚಿ ಮಲಗುತ್ತಿದ್ದ. ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತಾರೆ, ಅವನ ಪಾಲಿಗೆ ಪಾತ್ರೆ ಬಿಟ್ಟಷ್ಟು.

ಅಕ್ಕನ ಫೋನು ಬಂತು.

“ಲೋ, ಯಾವಾಗ ಬರ್ತೀರೋ?”

“ಗಾಳಿ ಎದುರಿಗಿದೆ ಅಕ್ಕ. ದೋಣಿ ಬಿಟ್ರೆ ಹಬ್ಬ ಮುಗಿದ ಮೇಲೆ ತಲುಪ್ತೀವಿ.”

“ಬಸ್ಸಿಗೂ ಎದುರು ಗಾಳಿನೇನೋ?”

ಅದು ಸರಿಯಾದ ಮಾತೇ. ಮೇಸ್ತ್ರಿ ಫೋನಿನ ಮೇಲೆ ಕೈಮುಚ್ಚಿ, “ಬಸ್ಸಲ್ಲಿ ಹೋಗೋಣ್ವಾ?” ಎಂದು ಹೆಂಡತಿಯನ್ನು ಕೇಳಿದ.

ಅವಳು ಬಟ್ಟೆ ಮಡಚುತ್ತಿದ್ದಳು. ತಲೆ ಎತ್ತಲಿಲ್ಲ. “ಇದೇ ಮನೆ ಅಂತೀರಲ್ಲ, ಹಬ್ಬಾನೂ ಮನೇಲೇ ಮಾಡೋಣ” ಎಂದಳು.

ಮೇಸ್ತ್ರಿಗೆ ಪರೀಕ್ಷೆಯ ದಿನ ಗೊತ್ತಾಯಿತು. ಎರಡು ದೋಣಿಯ ಮೇಲೆ ಕಾಲಿಟ್ಟವನ ಕಷ್ಟ ಎಲ್ಲರಿಗೂ ಗೊತ್ತು, ಒಂದೇ ದೋಣಿಯ ಮೇಲೆ ಎರಡೂ ಕಾಲಿಟ್ಟವನ ಕಷ್ಟ ಅವತ್ತು ಅವನಿಗೆ ತಿಳಿಯಿತು.

ಹಬ್ಬ ಹಬ್ಬದ ಹಾಗಿರಬೇಕು ಅಂದರೆ ಏನು? ಮೇಸ್ತ್ರಿ ತಲೆ ಕೆರೆದುಕೊಂಡು ಯೋಚಿಸಿದ. ಹೆಂಗಸರಿಗೆ ಹಬ್ಬವೆಂದರೆ ಅಡಿಗೆಮನೆ, ಅಡಿಗೆಮನೆಯೆಂದರೆ ಒಲೆ. ಆ ದೋಣಿಯ ಒಲೆಯೋ, ಎರಡು ಕಡೆ ಎರಡು ಕೀಲುಗಳ ಮೇಲೆ ತೂಗುಬಿದ್ದಿತ್ತು. ಮುಟ್ಟಿದರೆ ಅಲ್ಲಾಡುತ್ತಿತ್ತು. “ಒಲೆ ಮುಂದೆ ನಿಂತ್ರೆ ತೊಟ್ಟಿಲು ತೂಗಿದ ಹಾಗಾಗುತ್ತೆ” ಎಂದು ಹೆಂಡತಿ ಒಮ್ಮೆ ಹೇಳಿದ್ದು ಅವನಿಗೆ ನೆನಪಿತ್ತು. ಸಡಿಲ ಬಿದ್ದ ಬಾಗಿಲು, ಕುಂಟುವ ಮೇಜು, ಇವನ್ನೆಲ್ಲ ಕಂಡರೆ ಅವನ ಕೈ ಸುಮ್ಮನಿರುತ್ತಿರಲಿಲ್ಲ. ಹಬ್ಬದ ಹಿಂದಿನ ದಿನ ಅವಳು ಅಂಗಡಿಗೆ ಹೋದಾಗ ಒಲೆಯ ಮೇಲೆ ಮಟ್ಟಗೋಲು ಇಟ್ಟ, ಗುಳ್ಳೆ ನಡುವಿಗೆ ಬಂದ ಕ್ಷಣವೇ ಎರಡೂ ಬದಿಗೆ ಮರದ ಬೆಣೆ ಹೊಡೆದ. ಅಲ್ಲಾಡಿಸಿ ನೋಡಿದ. ಬಂಡೆ! ನೆಲದ ಮೇಲಿನ ಮನೆಯಲ್ಲೂ ಇಂಥ ಒಲೆ ಇರಲಾರದು ಅನ್ನಿಸಿತು. ಹೆಂಡತಿಗೆ ಹೇಳಲಿಲ್ಲ. ತಾನಾಗಿಯೇ ಗಮನಿಸಿ ಖುಷಿಪಡಲಿ ಎಂದು ಹಲ್ಲುಕಿರಿಯುತ್ತ ಕೂತ.

ಜೀವಮಾನದಲ್ಲಿ ಒಂದು ಲೋಟ ನೀರು ಕಾಯಿಸಿದವನಲ್ಲ, ಒಲೆ ಯಾಕೆ ತೂಗುತ್ತದೆಂದು ಅವನಿಗೆ ಹೇಗೆ ಗೊತ್ತಾಗಬೇಕು? ದೋಣಿ ಸಾಗುವಾಗ ಅವನು ಹೊರಗೆ ಚುಕ್ಕಾಣಿ ಹಿಡಿದು ಕೂತಿರುತ್ತಿದ್ದ. ಒಳಗೆ ಒಲೆ ಏನು ಮಾಡುತ್ತಿತ್ತೆಂದು ನೋಡಿದವಳು ಅವಳೊಬ್ಬಳೇ.

ಹಬ್ಬದ ಬೆಳಗ್ಗೆ ಮೇಸ್ತ್ರಮ್ಮ ಹೊಸ ಸೀರೆಯುಟ್ಟು, ದೊಡ್ಡ ಪಾತ್ರೆಯನ್ನು ಒಲೆಗೇರಿಸಿ, ಅರ್ಧಕ್ಕೂ ಮೇಲೆ ಹಾಲು ಸುರಿದಳು. ಊಟಕ್ಕೆ ಇಬ್ಬರನ್ನು ಕರೆದಿದ್ದಳು. ಒಬ್ಬರು ಪಕ್ಕದ ದೋಣಿಯ ನಿವೃತ್ತ ಹಲ್ಲಿನ ಡಾಕ್ಟರು. ಒಂಟಿ ಜೀವ, ಆದರೆ ಜೀವದ ತೂಕ ಇಬ್ಬರದು. ಇನ್ನೊಬ್ಬಳು ಕಟ್ಟೆಯ ಮೇಲೆ ಹರಿದ ಹಾಯಿಗಳನ್ನು ಹೊಲಿದು ಬದುಕುವ ಸೂಜಿಯಮ್ಮ. ಹೆಸರಿಗೆ ತಕ್ಕ ಹಾಗೆ ಮೈಯೂ ಸೂಜಿಯೇ. ಇಬ್ಬರಿಗಾಗಿ ಅಷ್ಟೊಂದು ಹಾಲೇಕೆ ಎಂದು ಮೇಸ್ತ್ರಿ ಕೇಳಿದ.

“ಕಮ್ಮಿ ಹಾಕೋಕೆ ಕೈ ಬರಲ್ಲ ರೀ. ಈ ಪಾತ್ರೆ ಕಂಡ್ರೆ ಕೈ ತಾನಾಗೇ ಸುರಿಯುತ್ತೆ” ಎಂದಳು. ಅವಳ ದನಿಯಲ್ಲಿ ಹಬ್ಬದ ಖುಷಿ ಅಷ್ಟಾಗಿ ಕಾಣಲಿಲ್ಲ. ಮೇಸ್ತ್ರಿಗೆ ಇನ್ನಷ್ಟು ಹೆದರಿಕೆಯಾಯಿತು.

ಹಾಲು ಕುದಿದು ಕೆನೆಗಟ್ಟುವ ಹೊತ್ತಿಗೆ ಡಾಕ್ಟರೂ ಸೂಜಿಯಮ್ಮನೂ ಬಂದು ಕೂತಿದ್ದರು. ಅಷ್ಟರಲ್ಲಿ ಕಟ್ಟೆಯ ಮೇಲಿಂದ ಒಂದು ದನಿ ಕೇಳಿತು. ಆ ದನಿಗೆ ಮೇಸ್ತ್ರಿ ಐವತ್ತು ವರ್ಷದಿಂದ ಓಗೊಟ್ಟವನು.

“ಲೋ! ಯಾವ ಡಬ್ಬದಲ್ಲಿದ್ದೀಯೋ?”

ಅಕ್ಕ! ಹಿಂದೆ ಎರಡು ಕೈಗೂ ಚೀಲ ನೇತುಹಾಕಿಕೊಂಡ ಭಾವ. ಭಾವನೆಂದರೆ ಬಟ್ಟೆ ಒಣಹಾಕಿದ ಕೋಲಿನ ಹಾಗೆ, ಗಾಳಿ ಬಂದರೆ ಬಟ್ಟೆ ಮಾತ್ರ ಅಲ್ಲಾಡುತ್ತಿತ್ತು. “ನೀವು ಬರದಿದ್ರೆ ನಾವು ಬರಬಾರ್ದು ಅಂತಿದೆಯಾ? ಮನೇಲಿ ಅಷ್ಟು ಜನ ಇದ್ರೂ ಬಿಟ್ಟು ಬಂದೆ. ನಿನ್ನ ಹೆಂಡ್ತಿ ಕೈಯ ಸಿಹಿ ಇಲ್ಲದೆ ಅದೆಂಥ ಹಬ್ಬ!” ಎಂದಳು ಅಕ್ಕ. ತಮ್ಮನಿಲ್ಲದೆ ಅದೆಂಥ ಹಬ್ಬ ಎನ್ನುವುದು ಅವಳ ಮನಸ್ಸಿನಲ್ಲಿತ್ತು, ಹಾಗೆಂದು ಹೇಳುವ ಹೆಂಗಸಲ್ಲ.

ಅಕ್ಕನ ಗಾತ್ರಕ್ಕೂ ಕಟ್ಟೆ ದೋಣಿಗಳ ನಡುವಿನ ಸಂದಿಗೂ ಹೊಂದಾಣಿಕೆಯಾಗಲಿಲ್ಲ. ಅವಳು ಒಂದು ಕಾಲು ದೋಣಿಯ ಅಂಚಿನ ಮೇಲಿಟ್ಟು, ಇನ್ನೊಂದನ್ನು ಕಟ್ಟೆಯ ಮೇಲೆಯೇ ಮರೆತು, “ಹಿಡ್ಕೊಳ್ರೋ!” ಎಂದು ಕೂಗಿದಳು. ಮೇಸ್ತ್ರಿ ಒಂದು ಕೈ ಹಿಡಿದ. ಡಾಕ್ಟರು ಮೇಲೆ ಧಾವಿಸಿ ಬಂದು ಇನ್ನೊಂದು ಕೈ ಹಿಡಿದರು. ಸೂಜಿಯಮ್ಮ ಡಾಕ್ಟರ ಬೆಲ್ಟು ಹಿಡಿದಳು. ಭಾವ ಹಿಂದಿನಿಂದ ಚೀಲಗಳ ಸಮೇತ ನೂಕಿದ. ಎಲ್ಲರೂ ಒಂದೇ ಅಂಚಿಗೆ ಸೇರಿದ್ದೇ ತಡ, ದೋಣಿ ಆ ಕಡೆಗೆ ದಡಕ್ಕನೆ ವಾಲಿತು. ಅಕ್ಕ ಒಳಗೆ ಬಂದು ಬಿದ್ದಳು. ಅದೇ ಗಳಿಗೆಗೆ ಕೆಳಗೆ ಅಡಿಗೆಮನೆಯಿಂದ ಒಂದು ದೊಡ್ಡ ಸದ್ದು, ಅದರ ಹಿಂದೆಯೇ ಮೇಸ್ತ್ರಮ್ಮನ ಚೀರಾಟ.

ಪುಣ್ಯಕ್ಕೆ ಅವಳು ಆಗ ಒಲೆಯಿಂದ ಆಚೆ ತಟ್ಟೆ ಒರೆಸುತ್ತಿದ್ದಳು. ಪಾತ್ರೆ ಬೋರಲು ಬಿದ್ದಿತ್ತು. ಹಾಲೆಲ್ಲ ನೆಲದ ಹಲಗೆಗಳ ಸಂದಿಯಲ್ಲಿ ಇಳಿದು ದೋಣಿಯ ತಳ ಸೇರಿತ್ತು.

ಮೇಸ್ತ್ರಮ್ಮ ಹಾಲನ್ನು ನೋಡಲಿಲ್ಲ. ಒಲೆಯನ್ನೇ ನೋಡುತ್ತಿದ್ದಳು. ಬಗ್ಗಿ, ಒಂದು ಬೆಣೆಯನ್ನು ಕಿತ್ತು, ಕೈಯಲ್ಲಿ ಹಿಡಿದು ತಿರುಗಿಸಿದಳು.

“ಇದೇನ್ರೀ?”

“ಅಲ್ಲಾಡ್ತಿತ್ತಲ್ಲ… ಗಟ್ಟಿ ಮಾಡಿದೆ. ಹಬ್ಬಕ್ಕೆ ಅಂತ.” ಮಟ್ಟ ನೋಡಿಯೇ ಹೊಡೆದೆ ಎಂದು ಸೇರಿಸಬೇಕೆಂದಿದ್ದ, ಅಷ್ಟರಲ್ಲಿ ಅವಳೇ ಶುರುಮಾಡಿದಳು.

“ಅಯ್ಯೋ ನನ್ನ ಕರ್ಮವೇ! ಅದು ಅಲ್ಲಾಡ್ತಿರಲಿಲ್ಲ ಕಣ್ರೀ, ನೆಟ್ಟಗೆ ನಿಲ್ತಿತ್ತು. ದೋಣಿ ಯಾವ ಕಡೆ ವಾಲಿದ್ರೂ ಅದು ಮಾತ್ರ ವಾಲ್ತಿರಲಿಲ್ಲ. ಒಂದು ತೊಟ್ಟು ತುಳುಕ್ತಿರಲಿಲ್ಲ. ಈ ದೋಣೀಲಿ ನಾನು ಮೆಚ್ಚಿದ್ದು ಅಂತ ಇದ್ರೆ ಅದೊಂದೇ. ಇಡೀ ದೋಣೀಲಿ ಮಟ್ಟವಾಗಿದ್ದ ಒಂದೇ ಒಂದು ಸಾಮಾನು ಹುಡುಕಿ ಅದಕ್ಕೇ ಬೆಣೆ ಹೊಡೆದ್ರಲ್ಲ!”

ಮಾಡಿದ್ದುಣ್ಣೋ ಮಹಾರಾಯ ಅಂತಾರೆ. ಇಲ್ಲಿ ಉಣ್ಣುವುದಕ್ಕೂ ಏನೂ ಉಳಿದಿರಲಿಲ್ಲ. ಡಾಕ್ಟರು ಚಾವಣಿ ನೋಡಿದರು. ಅಕ್ಕ ಸೆರಗು ಸರಿಮಾಡಿಕೊಂಡಳು. ಮೇಸ್ತ್ರಿ ಮಂಡಿಯೂರಿ ಹಾಲು ಒರೆಸುತ್ತ ಮನಸ್ಸಿನಲ್ಲೇ ಹೆಂಡತಿಯ ಪೆಟ್ಟಿಗೆಯನ್ನು ಬಸ್ಸಿನ ತನಕ ಹೊತ್ತುಬಿಟ್ಟ. ಎದುರಿಗೆ ಖಾಲಿ ಮಂಚ ಕಾಣಿಸಿತು. ಇನ್ನು ಕಾಲು ಚಾಚಿ ಮಲಗಬಹುದು ಎಂದುಕೊಂಡಾಗ ಅವನಿಗೆ ಅಳು ಬಂತು. ಹಾಲು ಒರೆಸುವ ಬಟ್ಟೆಯಲ್ಲೇ ಮುಖ ಒರೆಸಿಕೊಂಡ.

ಸೂಜಿಯಮ್ಮ ಹೋಗಿ ತನ್ನಲ್ಲಿದ್ದ ಹಾಲು ತಂದಳು. ಸಣ್ಣ ಪಾತ್ರೆ ಒಲೆಗೇರಿತು. ಎರಡೂ ಬೆಣೆ ಕಿತ್ತ ಒಲೆ ಈಗ ತನ್ನ ಪಾಡಿಗೆ ತೂಗುತ್ತಿತ್ತು. ಮೇಸ್ತ್ರಿ ಮೊದಲ ಸಲ ಅದನ್ನು ನಿಂತು ನೋಡಿದ. ಗೋಡೆ ಏರಿತು, ಇಳಿಯಿತು, ಹಾಲು ಮಾತ್ರ ಅಂಚಿನಿಂದ ಅಂಚಿಗೆ ಸಮನಾಗಿ ನಿಂತಿತ್ತು. ನಲವತ್ತು ವರ್ಷ ಕಲಿತ ಕೆಲಸವನ್ನು ಈ ತಗಡಿನ ಒಲೆ ತನಗಿಂತ ಚೆನ್ನಾಗಿ ಮಾಡುತ್ತಿದೆಯಲ್ಲ ಎಂದು ಅವನಿಗೆ ನಾಚಿಕೆಯೂ ಆಯಿತು, ಆಸೆಯೂ ಆಯಿತು.

ಊಟಕ್ಕೆ ಕೂರುವ ಹೊತ್ತು. ಅಕ್ಕ ಪದ್ಧತಿಯಂತೆ, “ವಯಸ್ಸಿನ ಪ್ರಕಾರ ಬನ್ನಿ” ಎಂದು ಎಡಗಡೆಯ ಬೆಂಚಿನಲ್ಲಿ ಮೊದಲು ಕೂತಳು. ಪಕ್ಕದಲ್ಲಿ ಡಾಕ್ಟರು ಕೂತರು. ದೋಣಿ ಎಡಕ್ಕೆ ಬಾಗಿತು, ನೀರಿನ ಲೋಟಗಳು ಸಾಲಾಗಿ ಅವರ ಕಡೆಗೆ ಹೊರಟವು.

“ಅಕ್ಕ, ಇಲ್ಲಿ ವಯಸ್ಸು ನಡೆಯಲ್ಲ, ತೂಕ ನಡೆಯುತ್ತೆ” ಎಂದು ಮೇಸ್ತ್ರಿ ಮೇಜಿನ ಮೇಲೆ ಮಟ್ಟಗೋಲು ಇಟ್ಟ. ಬೇರೆ ಯಾರಾದರೂ ತೂಕದ ಮಾತೆತ್ತಿದ್ದರೆ ಅಕ್ಕ ಸುಮ್ಮನಿರುತ್ತಿರಲಿಲ್ಲ. ತಮ್ಮನ ಕಣ್ಣು ಇನ್ನೂ ಕೆಂಪಗಿದ್ದುದನ್ನು ನೋಡಿ ಎದ್ದು ಬಲಗಡೆಗೆ ಬಂದಳು. ಡಾಕ್ಟರ ಪಕ್ಕಕ್ಕೆ ಭಾವ ಹೋದ. ಅಕ್ಕನ ಪಕ್ಕಕ್ಕೆ ಸೂಜಿಯಮ್ಮ, ಮೇಜಿನ ತುದಿಗೆ ಮೇಸ್ತ್ರಿ. ಗುಳ್ಳೆ ಇನ್ನೂ ಬಲಕ್ಕೇ ಅಂಟಿಕೊಂಡಿತ್ತು, ಎಂದರೆ ದೋಣಿ ಇನ್ನೂ ಎಡಕ್ಕೇ ತಗ್ಗಿತ್ತು. ಆ ಕಡೆ ಡಾಕ್ಟರಿದ್ದರು, ನೀರಿನ ಕ್ಯಾನುಗಳಿದ್ದವು, ಒಲೆಯಿತ್ತು, ಒಲೆಯ ಮುಂದೆ ಕೈಯಲ್ಲಿ ಸೌಟು ಹಿಡಿದು ಮೇಸ್ತ್ರಮ್ಮ ನಿಂತಿದ್ದಳು.

“ನೀವೆಲ್ಲ ಶುರು ಮಾಡಿ. ನಾನು ಆಮೇಲೆ” ಎಂದಳು ಅವಳು.

ಎಷ್ಟು ಹಬ್ಬಗಳಲ್ಲಿ ಕೇಳಿದ ಮಾತು ಅದು! ಅವತ್ತು ಯಾಕೋ ಮೇಸ್ತ್ರಿಯ ಕಿವಿಗೆ ಚುಚ್ಚಿತು. ಅಕ್ಕನ ಮನೆಯ ಆ ಉದ್ದ ಸಾಲುಗಳನ್ನು ನೆನಪಿಸಿಕೊಂಡ. ಎಲ್ಲರ ಮುಖವೂ ಕಣ್ಣಿಗೆ ಬಂತು, ಯಾರು ಎರಡು ಸಲ ಬಡಿಸಿಕೊಳ್ಳುತ್ತಿದ್ದರು, ಯಾರು ತೇಗುತ್ತಿದ್ದರು ಎಲ್ಲವೂ. ಹೆಂಡತಿಯದು ಮಾತ್ರ ಒಂದು ಕೈ ಮತ್ತು ಒಂದು ಸೌಟು. ಅವಳು ಹಬ್ಬದೂಟ ಉಂಡದ್ದನ್ನು ಅವನು ಒಮ್ಮೆಯಾದರೂ ನೋಡಿರಲಿಲ್ಲ. ಗೋಡೆಗಳ ಕೂದಲೆಳೆ ಡೊಂಕು ಕಂಡವನಿಗೆ ಮನೆಯಲ್ಲಿದ್ದ ಇಷ್ಟು ದೊಡ್ಡ ಡೊಂಕು ಕಂಡಿರಲಿಲ್ಲ. ಎಂಥ ಮೇಸ್ತ್ರಿ ನಾನು ಎಂದುಕೊಂಡ.

“ಆಮೇಲೆ ಅಂದ್ರೆ ಆಗಲ್ಲ” ಎಂದ. “ನೀನು ಅಲ್ಲಿ ನಿಂತ್ರೆ ದೋಣಿ ಮಟ್ಟ ಆಗಲ್ಲ. ಈ ಕಡೆ ಬಂದು ಅಕ್ಕನ ಪಕ್ಕ ಕೂತ್ಕೋ.”

“ನಾನ್ ಕೂತ್ರೆ ಬಡಿಸೋರ್ಯಾರು?”

ಮೇಸ್ತ್ರಿ ಸುತ್ತ ನೋಡಿದ. “ಭಾವ ಬಡಿಸಲಿ. ಅವರು ಎದ್ರೂ ಕೂತ್ರೂ ದೋಣಿಗೆ ಗೊತ್ತಾಗಲ್ಲ.”

ಭಾವ ಹುಟ್ಟಿದಂದಿನಿಂದ ಯಾರಿಗೂ ಏನನ್ನೂ ಬಡಿಸಿದವನಲ್ಲ. ಹೆಂಡತಿಯ ಮುಖ ನೋಡಿದ. ಅಕ್ಕ ಕಣ್ಣಿನಲ್ಲೇ ‘ಏಳಿ’ ಎಂದಳು. ಆಮೇಲೆ ಸೂಜಿಯಮ್ಮನ ಕಡೆಗೆ ಸರಿದು, ಬೆಂಚಿನ ಮೇಲೆ ಜಾಗ ಮಾಡಿ, ಅಂಗೈಯಿಂದ ತಟ್ಟಿ, “ಬಾರಮ್ಮ” ಎಂದಳು.

ಮೇಸ್ತ್ರಮ್ಮ ಸೌಟನ್ನು ಭಾವನ ಕೈಗೆ ಕೊಟ್ಟಳು. ಬಂದು ಕೂತಳು. ಕೂತು, ಕೈ ಎಲ್ಲಿಡಬೇಕೆಂದು ತಿಳಿಯದೆ ಮಡಿಲಲ್ಲಿಟ್ಟುಕೊಂಡಳು.

ಎಲ್ಲರೂ ಮಟ್ಟಗೋಲಿನ ಮೇಲೆ ಬಗ್ಗಿದರು. ಗುಳ್ಳೆ ಮೆಲ್ಲಗೆ ಹೊರಟಿತು, ನಡುವಿನ ಗೆರೆಯ ಹತ್ತಿರ ಬಂತು, ದಾಟಿತು, ಆ ಕಡೆಗೆ ಒಂದು ಉಗುರಿನಷ್ಟು ಹೋಗಿ ನಿಂತಿತು.

“ಸರಿ ಇಲ್ವಲ್ಲೋ, ಈಗ ಆ ಕಡೆ ಹೋಯ್ತು” ಎಂದಳು ಅಕ್ಕ.

“ಮಟ್ಟವಾಗಿದೆ” ಎಂದ ಮೇಸ್ತ್ರಿ.

“ಏನು ಮಟ್ಟ, ಗೆರೆ ಇಲ್ಲಿದೆ, ಗುಳ್ಳೆ—”

“ಮಟ್ಟವಾಗಿದೆ ಅಕ್ಕ! ನಲವತ್ತು ವರ್ಷದ ಕಣ್ಣು ಇದು” ಎಂದು ಅವನು ಮಟ್ಟಗೋಲನ್ನು ಎತ್ತಿ ಬೆಂಚಿನ ಕೆಳಗಿಟ್ಟುಬಿಟ್ಟ.

ಗುಳ್ಳೆ ಎಲ್ಲಿತ್ತೆಂದು ಮೇಸ್ತ್ರಮ್ಮನೂ ನೋಡಿದ್ದಳು. ಶಾಲೆಯ ಗೋಡೆ ಕೆಡವಿಸಿದ ದಿನ ಧೂಳು ಹೊತ್ತು ಮನೆಗೆ ಬಂದವನಿಗೆ ಬಿಸಿನೀರು ಕಾಯಿಸಿಕೊಟ್ಟವಳು ಅವಳೇ. ಅವಳು ಗಂಡನ ಮುಖವನ್ನು ಸ್ವಲ್ಪ ಹೊತ್ತು ನೋಡಿದಳು. ತಟ್ಟೆಯನ್ನು ಹತ್ತಿರ ಎಳೆದುಕೊಂಡಳು.

ಭಾವ ಸಿಹಿಯನ್ನು ಮೊದಲು ಬಡಿಸಿದ, ನೀರನ್ನು ಕೊನೆಗೆ ಕೊಟ್ಟ, ಉಪ್ಪನ್ನು ಡಾಕ್ಟರ ಮಡಿಲಿಗೆ ಹಾಕಿದ. ಮೇಸ್ತ್ರಮ್ಮ ಮೂರು ಸಲ ಏಳಲು ಹೋದಳು. ಮೂರು ಸಲವೂ ಅಕ್ಕನೇ, “ಕೂತ್ಕೊಳ್ಳಮ್ಮ, ದೋಣಿ ಮುಳುಗಿಸ್ತೀಯಾ?” ಎಂದು ಸೆರಗು ಹಿಡಿದು ಕೂರಿಸಿದಳು. ಮೇಸ್ತ್ರಮ್ಮ ತಾನೇ ಮಾಡಿದ ಸಿಹಿಯನ್ನು ಒಂದು ಚಮಚ ಬಾಯಿಗಿಟ್ಟಳು.

“ಬಿಸಿಯಾಗಿದ್ರೆ ಇಷ್ಟು ಚೆನ್ನಾಗಿರುತ್ತಾ ಇದು?” ಎಂದಳು. ಅಕ್ಕನ ಕೈ ತಟ್ಟೆಯ ಮೇಲೆ ಹಾಗೇ ನಿಂತಿತು.

ಸಂಜೆಯ ಬಸ್ಸಿಗೆ ಅಕ್ಕ ಭಾವ ಹೊರಟರು. ಈ ಸಲ ಉಳಿದವರೆಲ್ಲ ಇನ್ನೊಂದು ಅಂಚಿನಲ್ಲಿ ಕೂತು, ಅಕ್ಕನನ್ನು ನಿಧಾನವಾಗಿ ಕಟ್ಟೆ ಹತ್ತಿಸಿದರು. ಮೇಸ್ತ್ರಿ ತಿರುಗಿ ನೋಡಿದ. ಹೆಂಡತಿ ಒಳಗೆ ಹೋಗಿದ್ದಳು. ಹಾಸಿಗೆಯ ಕಡೆಯಿಂದ ಏನನ್ನೋ ಎಳೆಯುವ ಸದ್ದು ಕೇಳಿತು. ಪೆಟ್ಟಿಗೆಯೇ, ಅವರ ಜೊತೆಯಲ್ಲೇ ಹೊರಟುಬಿಟ್ಟಳು ಎಂದು ಅವನು ಹಗ್ಗ ಹಿಡಿದುಕೊಂಡ.

ಅವಳು ದೊಡ್ಡ ಪಾತ್ರೆಯನ್ನು ಎರಡೂ ಕೈಯಲ್ಲಿ ಹೊತ್ತು ಹೊರಬಂದಳು. ತೊಳೆದು ಒರೆಸಿದ್ದಳು.

“ಅತ್ತಿಗೆ, ಇದನ್ನ ತಗೊಂಡು ಹೋಗಿ. ಬರೋ ವರ್ಷ ಹಬ್ಬಕ್ಕೆ ನಿಮಗೆ ಬೇಕಾಗುತ್ತೆ.”

“ನಿನಗೆ ಬೇಡ್ವೇನಮ್ಮ?”

“ಇಲ್ಲಿ ಜಾಗ ಇಲ್ಲ. ಇವರು ಕಾಲು ಮಡಚ್ಕೊಂಡು ಮಲಗ್ತಾರೆ” ಎಂದಳು ಮೇಸ್ತ್ರಮ್ಮ.

ಭಾವ ಪಾತ್ರೆಯನ್ನು ತಲೆಯ ಮೇಲೆ ಹೊತ್ತು ಅಕ್ಕನ ಹಿಂದೆ ಕಟ್ಟೆಯ ಮೇಲೆ ನಡೆದ. ಅವರು ತಿರುವಿನಲ್ಲಿ ಮರೆಯಾಗುವ ತನಕ ಮೇಸ್ತ್ರಿ ಕೈಯಲ್ಲಿದ್ದ ಹಗ್ಗ ಬಿಡಲಿಲ್ಲ. ಹೆಂಡತಿ ಆಗಲೇ ಒಳಗೆ ಹೋಗಿ, ಎರಡು ಲೋಟ ಟೀಗೆ ಒಲೆಯ ಮೇಲೆ ನೀರಿಟ್ಟಿದ್ದಳು.